ಮುಕ್ಕಾಲು ಪಾಸಾದರೆ ಮುದ್ರೆ ಇಲ್ಲ

ಕುಚ್ಚಲಕ್ಕಿ ಮಿಲ್ಲಿಗೆ ಹೋದರೆ ಬಾಯ್ಲರಿನ ಮೈಮೇಲೆ ಲೋಹದ ನೇಮ್‌ಪ್ಲೇಟೊಂದು ಕಾಣುತ್ತದೆ. ವರದಿಗೆ ಹೋದಾಗ ನಾವು ಅದರ ಫೋಟೊ ತೆಗೆದುಕೊಂಡು ಬರುತ್ತೇವೆ. ಅಲ್ಲಿರುವುದನ್ನು ಓದುವುದು ಮಾತ್ರ ಕಡಿಮೆ. ಆ ಪ್ಲೇಟಿನಲ್ಲಿ ‘ಭಾಗಶಃ’ ಎಂಬ ಮಾತಿಗೆ ಯಾಕೆ ಜಾಗವಿಲ್ಲ ಎನ್ನುವುದಕ್ಕೆ ದೊಡ್ಡ ಹಿನ್ನೆಲೆಯಿದೆ.

1905ರ ಮಾರ್ಚ್ 20. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಬ್ರಾಕ್ಟನ್ ಊರು. ಗ್ರೋವರ್ ಶೂ ಕಾರ್ಖಾನೆಯಲ್ಲಿ ಬೆಳಗಿನ ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ಹಳೆಯ ಬಾಯ್ಲರ್ ಸಿಡಿದು ಚಾವಣಿ ಸೀಳಿಕೊಂಡು ಹಾರಿತು. ನಾಲ್ಕಂತಸ್ತಿನ ಮರದ ಕಟ್ಟಡ ಕುಸಿದು ಬೆಂಕಿ ಹತ್ತಿತು. 58 ಮಂದಿ ಸತ್ತರು. ಉಕ್ಕಿನ ಹಾಳೆಗಳ ಅಂಚನ್ನು ಒಂದರ ಮೇಲೊಂದಿಟ್ಟು ರಿವೆಟ್ ಹೊಡೆದ ಜಾಗದಲ್ಲಿ, ಹೊರಗಿನ ಕಣ್ಣಿಗೆ ಬೀಳದಂತೆ, ಬಿರುಕು ಬೆಳೆದಿತ್ತು.

1907ರಲ್ಲಿ ಮೆಸಾಚುಸೆಟ್ಸ್ ಕಾನೂನು ಮಾಡಿತು. ಬೇರೆ ರಾಜ್ಯಗಳೂ ತಮ್ಮ ತಮ್ಮ ನಿಯಮ ತಂದವು. ಒಂದು ಕಡೆ ಪಾಸಾದದ್ದು ಇನ್ನೊಂದು ಕಡೆ ಫೇಲು! ಈ ಗೊಂದಲ ಬಿಡಿಸಲು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ 1911ರಲ್ಲಿ ಸಮಿತಿ ನೇಮಿಸಿ, 1915ರಲ್ಲಿ ಮೊದಲ ಬಾಯ್ಲರ್ ಸಂಹಿತೆ ಪ್ರಕಟಿಸಿತು. ಬೆಂಕಿ ಹಾಕದ ಒತ್ತಡದ ಪಾತ್ರೆಗಳಿಗೆ, ಅಂದರೆ ಗಾಳಿ, ಅನಿಲ ತುಂಬುವ ಟ್ಯಾಂಕುಗಳಂಥವಕ್ಕೆ, 1925ರಲ್ಲಿ ನಿಯಮ ಬಂತು.

ಆದರೆ ಒಂದು ಆಸೆ ಉಳಿದೇ ಇತ್ತು. ಲೆಕ್ಕಾಚಾರ ಸಂಹಿತೆಯ ಪ್ರಕಾರ, ಉಕ್ಕೂ ಅದರ ಪ್ರಕಾರ, ಬೆಸುಗೆಯ ತಪಾಸಣೆ ಮಾತ್ರ ಆಗಿಲ್ಲ ಎನ್ನೋಣ. ‘ಎಎಸ್‌ಎಂಇ ಮಾದರಿ’ ಎಂದು ಬರೆದುಕೊಂಡರೆ ತಪ್ಪೇನು? ಸಂಘದ ಉತ್ತರ ಖಡಕ್ಕಾಗಿದೆ: ಅನ್ವಯಿಸುವ ಎಲ್ಲ ನಿಯಮಗಳನ್ನೂ ಪಾಲಿಸದ ವಸ್ತುವಿನ ಮೇಲೆ ಮುದ್ರೆಯಿರಲಿ, ಸಂಘದ ಹೆಸರನ್ನೂ ಹಾಕುವಂತಿಲ್ಲ. ಒಂದು ಕಡೆ ತಯಾರಾಗಿ ಇನ್ನೊಂದು ಕಡೆ ಜೋಡಣೆಯಾಗುವ ಬಿಡಿಭಾಗಕ್ಕೆ ‘ಪಾರ್ಟ್’ ಎಂಬ ಮುದ್ರೆಯುಂಟು. ಅದೂ ರಿಯಾಯಿತಿಯಲ್ಲ, ಆ ಭಾಗವೂ ತನ್ನ ಮಟ್ಟಿಗೆ ಪೂರ್ತಿ ಪಾಸಾಗಿರಬೇಕು.

ನಮ್ಮ ದೇಶದಲ್ಲಿ ಈ ಪಾಠ ಬ್ರಾಕ್ಟನ್ನಿಗಿಂತ ಮೊದಲೇ ಆಗಿತ್ತು. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, 1864ರಲ್ಲಿ ಬಂಗಾಳ ಕಾಯ್ದೆ ತಂದಿತು. ಇಡೀ ದೇಶದ ಬಾಯ್ಲರ್ ಕಾಯ್ದೆ ಬಂದದ್ದು 1923ರಲ್ಲಿ. ಅದರ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ.

ಇಷ್ಟು ಬಿಗಿ ಯಾಕೆ? ಯಾವ ನಿಯಮ ಪಾಲನೆಯಾಗಿದೆ, ಯಾವುದು ಆಗಿಲ್ಲ ಎಂಬ ಕಾಗದ ಕಚೇರಿಯ ಕಪಾಟಿನಲ್ಲಿರುತ್ತದೆ. ಬಾಯ್ಲರಿನ ಪಕ್ಕ ನಿಂತು ಉರಿ ಹಾಕುವವರ ಎದುರಿಗಿರುವುದು ನೇಮ್‌ಪ್ಲೇಟ್ ಮಾತ್ರ. ಅವರು ಅದನ್ನು ನಂಬಿ ನಿಲ್ಲುತ್ತಾರೆ. ಒತ್ತಡ ಹುಡುಕುವುದು ಪಾಸಾದ ಮುಕ್ಕಾಲು ಭಾಗವನ್ನಲ್ಲ, ಉಳಿದ ಕಾಲು ಭಾಗವನ್ನು.

ಹಾಗಾಗಿ ‘ಅಂತರರಾಷ್ಟ್ರೀಯ ಮಾನದಂಡದ ಬಾಯ್ಲರ್’ ಎಂದು ಯಾರೋ ಹೇಳಿದ್ದನ್ನು ವರದಿಗೆ ಇಳಿಸುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಮುದ್ರೆ ಇದೆಯೋ, ಇಲ್ಲವೋ?