ಈಡಿಗೆ ಮೊದಲಿನ ಅಪ್ಪಣೆ: ಪುತ್ತೂರು–ಸುಳ್ಯ–ಕಡಬ ಸೀಮೆಯಲ್ಲಿ ಗಾಯಗೊಂಡ ಪ್ರಾಣಿಯ ದಯಾಮರಣ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಅರಂತೋಡು ದಾಟಿದ ಮೇಲೆ, ಅಥವಾ ಗುಂಡ್ಯದ ತಿರುವುಗಳಲ್ಲಿ, ಲಾರಿ ಬಡಿದು ಸೊಂಟ ಮುರಿದ ಕಾಟಿಯೊಂದು (ಕಾಡುಕೋಣ) ಬಿತ್ತೆನ್ನಿ. ಅದು ಮುಂಗಾಲೂರಿ ಏಳಲು ಹೆಣಗುತ್ತಲೇ ಬೆಳಗಾಗುತ್ತದೆ. ಊರಲ್ಲಿ ಕೋವಿಗೇನೂ ಬರವಿಲ್ಲ. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಇಂಥ ನರಳಾಟ ಮುಗಿಸಲು .22 ಬೋರಿನ ರಿವಾಲ್ವರ್ ಸಾಕು ಎಂಬ ವಾದ ಹೊರದೇಶಗಳಿಂದ ಬಂದಿದೆ. ಅದನ್ನು ಈ ಸೀಮೆಯ ಪ್ರಾಣಿಗಳ ತಲೆಬುರುಡೆಗೂ ನಮ್ಮ ಕಾನೂನಿಗೂ ಒರೆಹಚ್ಚಿದರೆ, ತೊಡಕಿರುವುದು ಅಪ್ಪಣೆ ಕೊಡುವವರಲ್ಲಿ ಎಂಬುದು ಕಾಣುತ್ತದೆ.

.22 ಗುಂಡಿನ ತೂಕ ಸಾಮಾನ್ಯವಾಗಿ 2.6 ಗ್ರಾಂ. ನಾಯಿ, ಆಡು, ಎಳೆಗರುವಿನ ತೆಳು ಬುರುಡೆಗೆ, ಬಲ್ಲವರ ಕೈಯಲ್ಲಿ, ಅದು ಸಾಕು. ಬಲಿತ ಹಂದಿಯ ಮಾತೇ ಬೇರೆ: ಅದರ ಹಣೆಯೆಲುಬಿನೊಳಗೆ ಗಾಳಿ ತುಂಬಿದ ಪೊಳ್ಳುಗಳಿವೆ, ಮಿದುಳು ಅವುಗಳ ಹಿಂದೆ ಆಳದಲ್ಲಿದೆ. ಕಾಟಿಯ ಕೋಡುಗಳ ನಡುವೆ ಎದ್ದಿರುವ ಎಲುಬಿನ ದಿಬ್ಬದಲ್ಲಿ ಸಣ್ಣ ಗುಂಡಿನ ಕಸುವೆಲ್ಲ ಕರಗುತ್ತದೆ. ಆಗ ದಯೆಯ ಹೆಸರಿನ ಈಡು ಇನ್ನೊಂದು ಗಾಯವಷ್ಟೆ. ಟಾರು ರಸ್ತೆಗೆ ತಾಗಿ ಪುಟಿದ ಗುಂಡು ಸುತ್ತ ನೆರೆದವರತ್ತ ಹಾರುವ ಅಪಾಯ ಬೇರೆ. ಹಾಗಾಗಿ ಸಣ್ಣ ಪಿಸ್ತೂಲಿನ ವಾದ ಸಣ್ಣ ಪ್ರಾಣಿಗಳಿಗೆ ಮಾತ್ರ ಸಲ್ಲುತ್ತದೆ.

ಕಾನೂನಿನ ದಾರಿ ಇನ್ನೂ ಬಿಕ್ಕಟ್ಟಿನದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 13ನೇ ಕಲಮಿನಂತೆ, ಸಾಗಿಸಲಾಗದಷ್ಟು ಗಾಯಗೊಂಡ ಪ್ರಾಣಿಯ ಮಾಲೀಕ ಸ್ಥಳದಲ್ಲಿಲ್ಲದಿದ್ದರೆ ಅಥವಾ ಒಪ್ಪದಿದ್ದರೆ, ಕಾನ್‌ಸ್ಟೇಬಲ್‌ಗಿಂತ ಮೇಲಿನ ಪೊಲೀಸರು ಪಶುವೈದ್ಯರನ್ನು ಕರೆಸಬೇಕು, ವೈದ್ಯರು ಪ್ರಮಾಣಪತ್ರ ಕೊಡಬೇಕು, ಆಮೇಲೆ ಮ್ಯಾಜಿಸ್ಟ್ರೇಟರ ಆದೇಶ ಬರಬೇಕು. ದನವಾದರೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯೂ ಅಡ್ಡ ನಿಲ್ಲುತ್ತದೆ. ಅದರಲ್ಲಿ ಹತ್ಯೆಯೆಂದರೆ ಯಾವ ವಿಧಾನದಿಂದಾದರೂ ಕೊಲ್ಲುವುದು. ವನ್ಯಜೀವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು. ಚೇತರಿಸಲಾರದಷ್ಟು ಊನಗೊಂಡ ಕಾಡುಹಂದಿಯನ್ನು ಕೊಲ್ಲಲು ಅಧಿಕೃತ ಅಧಿಕಾರಿ ಅನುಮತಿಸಬಹುದು. ಒಂದನೇ ಅನುಸೂಚಿಯ ಕಾಟಿಗೆ ಮುಖ್ಯ ವನ್ಯಜೀವಿ ಪರಿಪಾಲಕರದೇ ಅಪ್ಪಣೆ ಬೇಕು, ಮತ್ತು ಆ ಒಂದು ಅಧಿಕಾರವನ್ನು ಅವರು ಕೈಕೆಳಗಿನವರಿಗೆ ವಹಿಸುವಂತಿಲ್ಲ ಎಂದು 5ನೇ ಕಲಮೇ ತಡೆದಿದೆ. ಗುಂಡ್ಯದ ನಡುರಾತ್ರಿಯ ನಿರ್ಧಾರ ಬೆಂಗಳೂರಿನಿಂದ ಇಳಿಯಬೇಕು. ಸಂಪಾಜೆಯಾಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಹಾಗೆಂದು ಅಲ್ಲಿನ ಕಾಟಿಯ ನರಳಾಟವೇನೂ ಬೇಗ ಮುಗಿಯದು.

ಅಪ್ಪಣೆ ಸಲೀಸಾದರೆ ಶಿಕಾರಿಗೆ ನೆಪ ಸಿಗುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಉರುಳಿಗೆ ಬಿದ್ದ ಹಂದಿಯನ್ನು ‘ಗಾಯಗೊಂಡದ್ದು’ ಎನ್ನಲು ಎಷ್ಟು ಹೊತ್ತು? ಅದಕ್ಕಾಗಿಯೇ ತೀರ್ಮಾನ ಪಶುವೈದ್ಯರದಿರಬೇಕು, ಕೋವಿ ಅರಣ್ಯ ಇಲಾಖೆಯದಿರಬೇಕು, ಕಳೇಬರವನ್ನು ಮಹಜರು ಮಾಡಿ ಸುಡಬೇಕು. ನೆರೆಯ ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು; ಬೆಳೆಹಾನಿಗೆ ಅದು ಸರಿಯಿರಬಹುದು, ಗಾಯದ ಆಳ ಅಳೆಯುವುದು ಅಧ್ಯಕ್ಷರ ಕೆಲಸವಲ್ಲ. ಕೊಲ್ಲುವುದೇ ಹಿಂಸೆ ಎನ್ನುವವರು 1928ರ ಸಾಬರಮತಿಯನ್ನು ನೆನೆಯಬೇಕು: ವಾಸಿಯಾಗದೆ ನರಳುತ್ತಿದ್ದ ಆಶ್ರಮದ ಕರುವಿಗೆ ಗಾಂಧೀಜಿ ಸೂಜಿ ಹಾಕಿಸಿ ಕೊಲ್ಲಿಸಿದರು, ಬಂದ ಬೈಗುಳಕ್ಕೆಲ್ಲ ಬರಹದಲ್ಲಿ ಉತ್ತರಿಸಿದರು. ಹಾಗಾದರೆ ಸೂಜಿಯೇ ಸಾಲದೆ ಎಂದರೆ, ಕಟ್ಟಿದ ಕರುವಿಗೆ ಸಾಕು. ಒದೆಯುತ್ತಿರುವ ಕಾಟಿಯ ರಕ್ತನಾಳ ಹುಡುಕುವುದು ವೈದ್ಯರ ಜೀವಕ್ಕೇ ಕುತ್ತು. ಪೆಂಟೋಬಾರ್ಬಿಟಲ್‌ನಂಥ ಔಷಧ, ಸುಡದೆ ಬಿಟ್ಟ ಕಳೇಬರದಲ್ಲುಳಿದು ಅದನ್ನು ತಿಂದ ಪ್ರಾಣಿಪಕ್ಷಿಗಳಿಗೂ ವಿಷವಾಗುತ್ತದೆ.

ಸಾಕುಪ್ರಾಣಿಯ ಮಟ್ಟಿಗೆ ರಾಜ್ಯವೇ ಮಾಡಬಹುದಾದುದಿದೆ. ತಹಶೀಲ್ದಾರರು ತಾಲೂಕಿನ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹೌದು. 13ನೇ ಕಲಮಿನ ಆದೇಶವನ್ನು ಅವರು ಫೋನಿನಲ್ಲೇ ಕೊಟ್ಟು ಮರುದಿನ ಬರಹಕ್ಕಿಳಿಸುವಂತೆ ನಿಯಮವಾಗಿ, 2020ರ ಕಾಯ್ದೆಯ ಅಡ್ಡಿಯೂ ನೀಗಿದರೆ ಕಡಬದ ದನ ಬೆಳಗಿನವರೆಗೆ ಕಾಯಬೇಕಿಲ್ಲ. ಕಾಟಿಗೆ ಅಷ್ಟು ಸಾಲದು. 5ನೇ ಕಲಮಿನ ಆ ತಡೆಯನ್ನು ಸಂಸತ್ತೇ ಸಡಿಲಿಸಬೇಕು.