ಕೆರೆ ಅಂತ ಹುಡುಕಿದರೆ ಕೆಱೆಯೂ ಸಿಗಬೇಕು

ವಿಶ್ವವಿದ್ಯಾಲಯದ ಗ್ರಂಥಾಲಯಗಳು ಗಣಕೀಕರಣಗೊಂಡಿವೆ ಅಂದಾಗ ಶಾಸನಾಸಕ್ತರಾದ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಗಣಕಕ್ಕೆ ಸೇರಿದ್ದು ಪುಸ್ತಕದ ಹೆಸರೋ, ಪುಟದ ಚಿತ್ರವೋ, ಶಾಸನದ ಪಾಠವೋ? ಈ ಮೂರೂ ಬೇರೆ ಬೇರೆ.

ಮೊದಲು ಕ್ಯಾಟಲಾಗ್. ಇನ್‌ಫ್ಲಿಬ್‌ನೆಟ್ ರೂಪಿಸಿದ ‘ಸೋಲ್’ ತಂತ್ರಾಂಶದ 2.0 ಆವೃತ್ತಿ ಯುನಿಕೋಡ್ ಬಳಸುವುದರಿಂದ ಕನ್ನಡ ಪುಸ್ತಕದ ಹೆಸರನ್ನು ಕನ್ನಡದಲ್ಲೇ ನಮೂದಿಸಬಹುದು. ಆದರೆ ಒಂದು ಸಂಪುಟಕ್ಕೆ ಒಂದೇ ದಾಖಲೆ. ಎಪಿಗ್ರಾಫಿಯಾ ಕರ್ನಾಟಿಕಾದ ಶ್ರವಣಬೆಳಗೊಳ ಸಂಪುಟವನ್ನೇ ನೋಡಿ. 1889ರಲ್ಲಿ ಬಿ.ಎಲ್. ರೈಸ್ ಕೊಟ್ಟದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು 500ಕ್ಕೆ ಏರಿಸಿದರು. ಸಂಖ್ಯೆಗಳೂ ಬದಲಾದವು: ಮಲ್ಲಿಷೇಣ ಪ್ರಶಸ್ತಿ ರೈಸ್‌ರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಹಳೆಯ ಲೇಖನದ ಅಡಿಟಿಪ್ಪಣಿ ಹಿಡಿದು ಹೊಸ ಮುದ್ರಣ ತೆರೆದವನಿಗೆ ಬೇರೆಯದೇ ಶಾಸನ ಎದುರಾಗುತ್ತೆ. ಕ್ಯಾಟಲಾಗ್ ಇಲ್ಲಿ ಏನೂ ಸಹಾಯ ಮಾಡದು.

ಎರಡನೆಯದು ಸ್ಕ್ಯಾನ್. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಂಥ ಯೋಜನೆಗಳಿಂದಾಗಿ ಅಪರೂಪದ ಪುಸ್ತಕಗಳು ಮನೆಯಲ್ಲೇ ಕೂತು ಓದೋಕೆ ಸಿಕ್ಕವು. ನನ್ನಂಥ ಹವ್ಯಾಸಿಗಳು ಲಿಪಿ ಕಲಿತದ್ದೇ ಇವುಗಳಿಂದ. ಆದರೂ ಗಣಕದ ಪಾಲಿಗೆ ಅದು ಬರೀ ಚಿತ್ರ, ಒಳಗಿನ ಅಕ್ಷರ ಅದಕ್ಕೆ ಗೊತ್ತಿಲ್ಲ.

ಮೂರನೆಯದು ಪಾಠ. ನಿಜವಾದ ತೊಡಕು ಇಲ್ಲಿದೆ. 2009ರ ಯುಜಿಸಿ ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾಕ್ಕೆ ಸೇರತೊಡಗಿದವು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ ಪ್ರಬಂಧ ತೆರೆಯ ಮೇಲೆ ಚೆನ್ನಾಗೇ ಕಾಣುತ್ತೆ. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಹುಡುಕಾಟಕ್ಕೂ ಸಿಗೋದು ಅದೇ.

ಯುನಿಕೋಡ್ ಇದ್ದರೂ ಸಾಲದು. ಶಾಸನಗಳಲ್ಲಿ ಕೆರೆ ‘ಕೆಱೆ’, ನೂರು ‘ನೂಱು’, ಗದ್ದೆ ‘ಗೞ್ದೆ’. ನಮಗೆ ಱ, ರ ಒಂದೇ ಕುಟುಂಬದವು. ಗಣಕಕ್ಕೆ ಎರಡು ಬೇರೆ ಸಂಖ್ಯೆಗಳು. ಯುನಿಕೋಡ್ ಪಟ್ಟಿಯಲ್ಲಂತೂ ೞ ಅಕ್ಷರದ ಹೆಸರು ತಪ್ಪಾಗಿ ‘ಫ’ ಅಂತ ಸೇರಿಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬ ನಿಯಮ ಇರೋದರಿಂದ ಸರಿಯಾದದ್ದನ್ನು ಪರ್ಯಾಯ ಹೆಸರಾಗಿ ಕೊಟ್ಟಿದ್ದಾರೆ.

ಪರಿಹಾರ ದೊಡ್ಡ ತಂತ್ರಜ್ಞಾನವೇನಲ್ಲ. ಪ್ರತಿ ಶಾಸನಕ್ಕೂ ಒಂದು ದಾಖಲೆ, ಅದರಲ್ಲಿ ಎಲ್ಲ ಮುದ್ರಣಗಳ ಸಂಖ್ಯೆ, ಮೂಲ ಪಾಠ ಇದ್ದ ಹಾಗೆಯೇ, ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇಂದಿನ ಕಾಗುಣಿತದ ಇನ್ನೊಂದು ಪಾಠ. ಈ ಎರಡನೇ ಪಾಠವನ್ನು ಯಂತ್ರಕ್ಕೆ ಪೂರ್ತಿ ಬಿಡೋಹಾಗಿಲ್ಲ. ೞ ಇದ್ದಲ್ಲೆಲ್ಲ ಳ ಹಾಕಿದರೆ ‘ಗೞ್ದೆ’ ‘ಗಳ್ದೆ’ ಆಗುತ್ತೆ, ಗದ್ದೆ ಆಗೋಲ್ಲ. ಹಳಗನ್ನಡ ಬಲ್ಲವರು ಪದಪಟ್ಟಿ ಮಾಡಿಕೊಡಬೇಕು, ಎಂಜಿನಿಯರುಗಳು ಅದನ್ನು ಜೋಡಿಸಬೇಕು. ಗ್ರಂಥಪಾಲಕರು ಇಬ್ಬರನ್ನೂ ಒಂದೇ ಮೇಜಿಗೆ ಕರೆತರಬಲ್ಲರು.

ರೈಸ್ ಕಾಲದಲ್ಲಿ ನಿಂತಿದ್ದ ಕಲ್ಲುಗಳೆಲ್ಲ ಇಂದು ಉಳಿದಿಲ್ಲ. ಕಲ್ಲು ಹೋದ ಕಡೆ ಮುದ್ರಿತ ಪಾಠವೇ ಸಾಕ್ಷಿ. ಕೆರೆಗಳ ಚರಿತ್ರೆ ಬರೆಯಹೊರಟ ವಿದ್ಯಾರ್ಥಿ ‘ಕೆರೆ’ ಅಂತ ಹುಡುಕಿ ಖಾಲಿ ಪುಟ ನೋಡಿದರೆ, ಆ ಕೆರೆ ಕಟ್ಟಿಸಿದವರ ಹೆಸರು ಎರಡನೇ ಸಲ ಅಳಿಸಿಹೋದಂತೆ.