ಕಾಲುವೆಯ ದಂಡೆಯ ನೆರಳು

ಫ್ರಾನ್ಸಿಗೆ ಪ್ರವಾಸ ಹೋದವರು ಪ್ಯಾರಿಸ್ ನೋಡಿ, ಐಫೆಲ್ ಗೋಪುರದ ಬುಡದಲ್ಲಿ ಫೋಟೋ ತೆಗೆಸಿಕೊಂಡು ಮರಳುವುದು ವಾಡಿಕೆ. ಆ ದೇಶದ ಹಳ್ಳಿಗಾಡನ್ನು ಕಾಣಬೇಕೆನ್ನುವವರು ಹಿಡಿಯುವ ದಾರಿ ಬೇರೆ. ಅದು ನೀರಿನ ದಾರಿ. ದಕ್ಷಿಣದ ಟೂಲೂಸ್ ನಗರದಿಂದ ಮೆಡಿಟರೇನಿಯನ್ ಕಡಲ ಸಮೀಪದವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ಕನಾಲ್ ದು ಮಿದಿ ಎಂಬ ಕಾಲುವೆ ಅದು.

ಇಲ್ಲಿ ರಜೆ ಕಳೆಯಲು ಹೆಚ್ಚಿನ ಸಿದ್ಧತೆ ಬೇಕಿಲ್ಲ. ಬಾಡಿಗೆಯ ಮನೆದೋಣಿ ನಡೆಸಲು ಪರವಾನಗಿಯೂ ಬೇಡ. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ಹಾದಿಯಲ್ಲಿ ಈಗ ಸೈಕಲ್ ತುಳಿಯಬಹುದು. ಇಕ್ಕೆಲದಲ್ಲೂ ದ್ರಾಕ್ಷಿ ತೋಟಗಳು, ಹಳ್ಳಿಯ ಸಂತೆಗಳು.

ಇಷ್ಟು ನಿಧಾನದ ಈ ಕಾಲುವೆ ಹುಟ್ಟಿದ್ದು ಅವಸರದಿಂದಲೇ. ಹದಿನೇಳನೆಯ ಶತಮಾನದಲ್ಲಿ ಬೋರ್ಡೋದ ಸರಕು ಮೆಡಿಟರೇನಿಯನ್ ಬಂದರು ಸೇರಲು ಸ್ಪೇನ್ ದೇಶವನ್ನು ಸುತ್ತಿ, ಕಡಲ್ಗಳ್ಳರ ಭಯದಲ್ಲಿ ಬರಬೇಕಿತ್ತು. ಒಳನಾಡಿನ ಮೂಲಕವೇ ಜಲಮಾರ್ಗ ಏಕೆ ಇರಬಾರದು? ಈ ಯೋಚನೆ ಹಳೆಯದೇ. ತೊಡಕು ಒಂದೇ: ನಡುವೆ ಇರುವ ನೋರೂಜ್ ದಿಣ್ಣೆ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರ. ಅಲ್ಲಿಗೆ ನೀರು ಎಲ್ಲಿಂದ ತರುವುದು?

ಉತ್ತರ ಹುಡುಕಿದವನು ಎಂಜಿನಿಯರ್ ಅಲ್ಲ. ಉಪ್ಪಿನ ತೆರಿಗೆ ವಸೂಲಿಯ ಪಿಯೆರ್ ಪೋಲ್ ರಿಕೆ. ಕಪ್ಪು ಬೆಟ್ಟದ ತೊರೆಗಳನ್ನು ತಿರುಗಿಸಿ, ಆ ನೀರನ್ನು ದಿಣ್ಣೆಯ ನೆತ್ತಿಗೆ ತಂದರೆ ಅದು ಎರಡೂ ಕಡೆ ಹರಿದೀತು ಎಂದು ಆತ ತೋರಿಸಿದ. ಹದಿನಾಲ್ಕನೆಯ ಲೂಯಿ 1666ರಲ್ಲಿ ಒಪ್ಪಿಗೆ ನೀಡಿದ. ತೊರೆಗಳಿಗೆ ಅಡ್ಡಲಾಗಿ ಕಟ್ಟಿದ ಸೇಂಟ್ ಫೆರಿಯೋಲ್ ಜಲಾಶಯ ಇಂದು ಈಜುವವರ ಮೆಚ್ಚಿನ ತಾಣ. ಒಮ್ಮೆ ನೇರ ಗೋಡೆಯ ಲಾಕ್ ಕುಸಿದಾಗ ರಿಕೆ ಗೋಡೆಗಳನ್ನು ಬಾಗಿಸಿ ಕಟ್ಟಿಸಿದ. ಆದ್ದರಿಂದಲೇ ಇಲ್ಲಿನ ಲಾಕ್‌ಗಳಿಗೆ ಮೊಟ್ಟೆಯ ಆಕಾರ. ಬೆಜಿಯೆ ಪಟ್ಟಣದ ಬಳಿ ಮೆಟ್ಟಿಲು ಮೆಟ್ಟಿಲಾಗಿರುವ ಫೊನ್ಸೆರಾನ್ ಲಾಕ್‌ಗಳಲ್ಲಿ ದೋಣಿಗಳು ಗುಡ್ಡ ಹತ್ತಿ ಇಳಿಯುವುದನ್ನು ನೋಡಲು ಜನ ಸೇರುತ್ತಾರೆ.

ಕೆಲಸದ ಭರಾಟೆಯಲ್ಲಿ ಸುಮಾರು 12,000 ಮಂದಿ ದುಡಿದರು. ಅವರಲ್ಲಿ ಹೆಂಗಸರೂ ಇದ್ದರು. ಮಳೆಯಿಂದ ಕೆಲಸ ನಿಂತ ದಿನಕ್ಕೂ ರಿಕೆ ಕೂಲಿ ಕೊಟ್ಟ. ಆ ಕಾಲಕ್ಕೆ ಅದು ಅಪರೂಪ. ತನ್ನ ಸಂಪತ್ತನ್ನೂ ಸುರಿದು ಸಾಲಗಾರನಾದ. 1681ರ ಮೇ ತಿಂಗಳಲ್ಲಿ ಕಾಲುವೆ ತೆರೆಯಿತು. ರಿಕೆ ಅದನ್ನು ಕಾಣಲಿಲ್ಲ; ಕೆಲವೇ ತಿಂಗಳ ಹಿಂದೆ, 1680ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದ.

ರೈಲು ಬಂದಮೇಲೆ ಸರಕು ದೋಣಿಗಳು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋದವು. ಉಳಿದದ್ದು ಪ್ರವಾಸಿಗಳ ದೋಣಿ. 1996ರಲ್ಲಿ ಯುನೆಸ್ಕೋ ಕಾಲುವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ವೇಳೆಗೆ ಕಾಲುವೆಯ ಗುರುತಾಗಿದ್ದುದು ದಂಡೆಯ ಸುಮಾರು 42,000 ಪ್ಲೇನ್ ಮರಗಳ ಚಪ್ಪರ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಚ್ಚಾಗಿ ನೆಟ್ಟ ಈ ಮರಗಳ ಬೇರು ದಂಡೆಯ ಮಣ್ಣನ್ನು ಹಿಡಿದಿತ್ತು, ನೆರಳು ನೀರು ಆವಿಯಾಗುವುದನ್ನು ತಗ್ಗಿಸಿತ್ತು.

2006ರಲ್ಲಿ ಆ ಮರಗಳಿಗೆ ಶಿಲೀಂಧ್ರ ರೋಗ ತಗಲಿದ್ದು ತಿಳಿಯಿತು. ಇದಕ್ಕೆ ಮದ್ದಿಲ್ಲ. ರೋಗ ಹಿಡಿದ ಮರವನ್ನೂ ಅದರ ನೆರೆಯ ಮರಗಳನ್ನೂ ಕಡಿದು ಸುಡುವುದೇ ದಾರಿ. ನೋವಿನ ಸಂಗತಿಯೆಂದರೆ, ರೋಗ ಹರಡಲು ವಿಹಾರದ ದೋಣಿಗಳೂ ನೆರವಾದವು. ಬುಡಕ್ಕೆ ಕಟ್ಟಿದ ಹಗ್ಗ ತೊಗಟೆಯನ್ನು ಉಜ್ಜುತ್ತದೆ, ದೋಣಿಯ ಮೈ ನೀರಿಗಿಳಿದ ಬೇರನ್ನು ತರಚುತ್ತದೆ. ಆ ಗಾಯವೇ ಶಿಲೀಂಧ್ರಕ್ಕೆ ಬಾಗಿಲು. ನೆರಳನ್ನು ಅರಸಿ ಬಂದವರೇ ಅರಿಯದೆ ನೆರಳಿಗೆ ಕೊಡಲಿಯಾದರು.

ಈವರೆಗೆ ಹತ್ತಾರು ಸಾವಿರ ಮರಗಳು ಉರುಳಿವೆ. ಅವುಗಳ ಜಾಗದಲ್ಲಿ ಓಕ್ ಮೊದಲಾದ ಹಲವು ಜಾತಿಯ ಸಸಿಗಳನ್ನು ನೆಡಲಾಗುತ್ತಿದೆ. ಒಂದೇ ಜಾತಿಯನ್ನು ನಂಬಿದರೆ ಏನಾಗುತ್ತದೆಂಬ ಪಾಠ ಕಲಿತಾಗಿದೆ. ಈಗ ಹೋಗುವ ಪ್ರವಾಸಿ ಹಗ್ಗವನ್ನು ಮರಕ್ಕೆ ಕಟ್ಟದೆ ಗೂಟಕ್ಕೆ ಕಟ್ಟಬೇಕು, ಕೆಲವೆಡೆ ಬಿಸಿಲಲ್ಲೇ ಸಾಗಬೇಕು. ಸಸಿ ನೆಡುತ್ತಿರುವವರಿಗೆ ಅದರ ಪೂರ್ತಿ ನೆರಳು ಸಿಗಲಾರದು. ರಿಕೆಗೂ ತನ್ನ ಕಾಲುವೆಯಲ್ಲಿ ಕೊನೆಯವರೆಗೆ ಪಯಣಿಸುವ ಭಾಗ್ಯ ಇರಲಿಲ್ಲ.